ಮೊಣಕಾಲುದ್ದ ನೀರು

ಬುಧವಾರ ಬೆಳಿಗ್ಗೆ ಗ್ರಂಥಾಲಯದ ಬೀಗ ತೆಗೆದು, ಪೇಪರುಗಳನ್ನು ಮೇಜಿನ ಮೇಲೆ ಹರಡಿ, ಕಂಪ್ಯೂಟರ್ ಹಾಕಿದ ಸುಮಲತಾಳ ಕಣ್ಣಿಗೆ ಮೊದಲು ಬಿದ್ದದ್ದು ಆ ಎರಡು ವಾಕ್ಯಗಳು. ಹಿಂದಿನ ಸಂಜೆ ತಾನೇ ಕೈಯಾರೆ ಅಳಿಸಿ ಹೋಗಿದ್ದಳು. ಈಗ ಏನೂ ಆಗಿಲ್ಲ ಎನ್ನುವಂತೆ ಅವು ಅಂತರ್ಜಾಲದ ಪುಟದಲ್ಲಿ ತಮ್ಮ ಜಾಗಕ್ಕೆ ಬಂದು ಕೂತಿದ್ದವು.

‘ಬೇಸಿಗೆಯಲ್ಲಿ ಇಲ್ಲಿನ ನೀರು ಮೊಣಕಾಲುದ್ದ ಮಾತ್ರವಿದ್ದು, ಮಕ್ಕಳೂ ನಿರ್ಭಯವಾಗಿ ಇಳಿಯಬಹುದು. ಇದುವರೆಗೆ ಇಲ್ಲಿ ಒಂದೂ ಅವಘಡ ಸಂಭವಿಸಿಲ್ಲ.’

ವಾಕ್ಯಗಳ ಬಾಲಕ್ಕೆ ಮೂರು ಆಧಾರಗಳನ್ನು ಕಟ್ಟಲಾಗಿತ್ತು. ಒಂದು ಪುಸ್ತಕ, ಒಂದು ಪತ್ರಿಕೆಯ ಭಾನುವಾರದ ಪುರವಣಿ, ಒಂದು ಪ್ರವಾಸ ಕೈಪಿಡಿ. ಮೂರೂ ಅಚ್ಚಾದವು, ಮೂರೂ ಅವಳ ಗ್ರಂಥಾಲಯದ ಕಪಾಟಿನಲ್ಲೇ ಇದ್ದವು. ಮೂರರಲ್ಲೂ ಅದೇ ಮಾತಿತ್ತು. ಆದರೆ ಆ ಮಾತು ಸುಳ್ಳು ಎಂಬುದು ಸುಮಲತಾಗೆ ಗೊತ್ತಿತ್ತು, ಊರಿಗೂ ಗೊತ್ತಿತ್ತು.

ಜಯಪುರದ ಪೇಟೆ ದಾಟಿ ಒಳರಸ್ತೆಗೆ ತಿರುಗಿದರೆ ಸಿಗುವ ಸಣ್ಣ ಊರು ಅವಳದು. ಊರ ಕೆಳಗೆ ತುಂಗೆಯನ್ನು ಸೇರಲು ಓಡುವ ಹಳ್ಳವೊಂದಿದೆ. ಅದು ಎರಡು ದೊಡ್ಡ ಬಂಡೆಗಳ ನಡುವೆ ಸಿಕ್ಕಿಕೊಂಡು ನಿಂತ ಜಾಗವೇ ಕಲ್ಮಡು. ದಡದಲ್ಲಿ ಚೌಡಮ್ಮನ ಬನ, ನೀರಲ್ಲಿ ಅಮ್ಮನ ಮೀನು. ಮೊಳದುದ್ದದ ಮೀನುಗಳು ಮಂಡಕ್ಕಿಗಾಗಿ ಒಂದರ ಬೆನ್ನ ಮೇಲೊಂದು ಹತ್ತಿ ಬರುವುದನ್ನು ನೋಡಲು ನರಸಿಂಹರಾಜಪುರದಿಂದಲೂ ಜನ ಬರುತ್ತಾರೆ. ದಡಕ್ಕೆ ಅಂಟಿಕೊಂಡಂತೆ ಒಂದು ಹಾಸುಗಲ್ಲಿದೆ. ಅದರ ಮೇಲೆ ನಿಂತರೆ ನೀರು ಮೊಣಕಾಲಿಗೇ ಬರುತ್ತದೆ, ಅದು ಸುಳ್ಳಲ್ಲ. ಆದರೆ ಕಲ್ಲು ಮುಗಿದ ಕಡೆ ನೆಲವೂ ಮುಗಿಯುತ್ತದೆ. ಹಾಸುಗಲ್ಲಿನ ಪಕ್ಕಕ್ಕೆ ಮೆಟ್ಟಿಲು ಕಟ್ಟಿಸಿದ ವರ್ಷ ಆಳ ನೋಡಲೆಂದು ಬಿದಿರಿಗೆ ಬಿದಿರು ಜೋಡಿಸಿ ಇಳಿಸಿದ್ದರು. ತಳ ಸಿಗಲಿಲ್ಲ. ಅದರ ಬದಲು ಒಳಗಿನಿಂದ ಯಾರೋ ಹಿಡಿದು ಎಳೆದಂತೆ ಬಿದಿರು ಬಂಡೆಯ ಅಡಿಗೆ ಜಾರಿತು. ಹಿಡಿದಿದ್ದ ಇಬ್ಬರೂ ಕೈಬಿಟ್ಟು ಹಿಂದಕ್ಕೆ ಬಿದ್ದರು. ಅವರಲ್ಲಿ ಒಬ್ಬ ಸುಮಲತಾಳ ಗಂಡ ಕಲ್ಲೇಶ್, ಇನ್ನೊಬ್ಬ ಕಲ್ಲೇಶನ ಚಿಕ್ಕಪ್ಪನ ಮಗ ಜಯಪ್ರಕಾಶ್.

ವಾಕ್ಯಗಳನ್ನು ಮತ್ತೆ ಹಾಕಿದವನೂ ಜಯಪ್ರಕಾಶನೇ. ‘ಮಲೆನಾಡ ಮಾಣಿ’ ಎಂಬ ಹೆಸರಿನ ಖಾತೆಯನ್ನು ಸುಮಲತಾಳೇ ಇದೇ ಕಂಪ್ಯೂಟರಿನಲ್ಲಿ ಅವನಿಗೆ ತೆರೆದುಕೊಟ್ಟಿದ್ದಳು.

ಕಳೆದ ವರ್ಷ ಕೊಪ್ಪದಲ್ಲಿ ಗ್ರಂಥಾಲಯದವರಿಗೆಂದು ಒಂದು ತರಬೇತಿ ನಡೆದಿತ್ತು. ಯಾರು ಬೇಕಾದರೂ ಬರೆಯಬಹುದಾದ ಕನ್ನಡ ವಿಶ್ವಕೋಶವೊಂದು ಅಂತರ್ಜಾಲದಲ್ಲಿದೆ, ನಿಮ್ಮ ಊರುಗಳ ಬಗ್ಗೆ ನೀವೇ ಬರೆಯಿರಿ ಎಂದು ಅರ್ಪಣಾ ಎಂಬ ಹುಡುಗಿ ಬಂದು ಹೇಳಿಕೊಟ್ಟಳು. ಅವಳು ಹೇಳಿದ ಮುಖ್ಯ ನಿಯಮ ಒಂದೇ. ನಿಮಗೆ ಗೊತ್ತಿದೆ ಎಂದು ಬರೆಯುವ ಹಾಗಿಲ್ಲ, ಎಲ್ಲೋ ಅಚ್ಚಾಗಿ ಬಂದದ್ದನ್ನು ಆಧಾರ ಕೊಟ್ಟು ಬರೆಯಬೇಕು. ಸುಮಲತಾಗೆ ಆ ನಿಯಮ ತುಂಬ ಹಿಡಿಸಿತು. ಊರಲ್ಲಿ ಏನು ಹೇಳಿದರೂ ‘ನಿಂಗೆ ಯಾರು ಹೇಳಿದ್ದು’ ಎಂದು ಕೇಳುವವರೇ ಹೆಚ್ಚು. ಇಲ್ಲಿ ಪುಟ ಸಮೇತ ತೋರಿಸಿ ಬಾಯಿ ಮುಚ್ಚಿಸಬಹುದಲ್ಲ. ಅಡ್ಡಗದ್ದೆ, ಸೀತೂರು ಎಂದು ಒಂದೊಂದೇ ಊರಿನ ಬಗ್ಗೆ ಬರೆದಳು. ಆಸಕ್ತಿ ತೋರಿಸಿದ ಜಯಪ್ರಕಾಶನಿಗೂ ಕಲಿಸಿದಳು. ಅವನು ಆಗಷ್ಟೇ ಕಲ್ಮಡುವಿನ ಮೇಲಿನ ತನ್ನ ಕಾಫಿ ಕಣದ ಪಕ್ಕ ನಾಲ್ಕು ಕೋಣೆ ಕಟ್ಟಿ ಹೋಮ್‌ಸ್ಟೇ ಶುರು ಮಾಡಿದ್ದ.

ಈಗ ಬರೆಯುವ ಸರದಿ ಕಲ್ಮಡುವಿನದು. ಎಲ್ಲ ಬರೆದು ಆ ಎರಡು ವಾಕ್ಯಗಳನ್ನು ಮಾತ್ರ ಬಿಟ್ಟಿದ್ದಳು. ಜಯಪ್ರಕಾಶ್ ಸೇರಿಸಿದ. ಅವಳು ತೆಗೆದಳು. ಅವನು ಮತ್ತೆ ಹಾಕಿದ.

ಫೋನ್ ಮಾಡಿದರೆ ಅವನು ಸಿಟ್ಟಾಗಲಿಲ್ಲ, ನಕ್ಕ. ಈ ಭಾನುವಾರ ಶಿವಮೊಗ್ಗದಿಂದ ಒಂದು ಬಸ್ಸು ಕಾಲೇಜು ಹುಡುಗರು ಬರುತ್ತಿದ್ದಾರೆ, ಎಲ್ಲ ಕೋಣೆ ತುಂಬಿ ಅಂಗಳದಲ್ಲೂ ಡೇರೆ ಹಾಕಬೇಕು, ಅವರಿಗೆ ಆ ಪುಟದ ಫೋಟೋ ತೆಗೆದು ಕಳಿಸಿದ್ದೇನೆ ಎಂದು ಸಂತೋಷದಿಂದಲೇ ಹೇಳಿದ. ನೀರಿಗಿಳಿಯಬಹುದಾ ಎಂದೇ ಅವರು ಮೊದಲು ಕೇಳಿದ್ದಂತೆ.

“ಆ ಮಾತು ಸುಳ್ಳು ಅಂತ ನಿಂಗೆ ಗೊತ್ತಿಲ್ವಾ ಪ್ರಕಾಶ?”

“ಮೂರು ಆಧಾರ ಇದೆ ಅತ್ತಿಗೆ. ಆಧಾರ ಇದ್ರೆ ಬರೀಬಹುದು ಅಂತ ಕಲಿಸಿದ್ದು ನೀವೇ ಅಲ್ವಾ? ನೀವು ಹೇಳ್ತಿರೋದಕ್ಕೆ ಎಂತ ಆಧಾರ ಇದೆ, ತೋರ್ಸಿ.”

ಪೇಪರ್ ಓದಲು ಬಂದವರು ಕಣ್ಣೆತ್ತಿ ನೋಡುತ್ತಿದ್ದಾರೆ ಎನಿಸಿ ಸುಮಲತಾ ಫೋನ್ ಇಟ್ಟಳು. ಅಲ್ಲಿಂದ ಅವಳ ಕೈಗೆ ಯಾವ ಕೆಲಸವೂ ಹತ್ತಲಿಲ್ಲ. ಜೋಡಿಸಿದ ಪುಸ್ತಕಗಳನ್ನೇ ಮತ್ತೆ ಜೋಡಿಸಿದಳು. ಮಧ್ಯಾಹ್ನ ಬುತ್ತಿ ಬಿಚ್ಚಿ, ಎರಡು ತುತ್ತು ತಿಂದು ಮುಚ್ಚಿಟ್ಟಳು. ಭಾನುವಾರ ಎಂಬ ಮಾತು ಅಂಗಿಯೊಳಗೆ ಹೊಕ್ಕ ಕಟ್ಟಿರುವೆಯಂತೆ ಕೂತಲ್ಲಿ ಕೂರಲು ಬಿಡುತ್ತಿರಲಿಲ್ಲ.

ಮರುದಿನ ಅರ್ಪಣಾಗೆ ಫೋನ್ ಮಾಡಿದಳು. ಅರ್ಪಣಾ ಎಲ್ಲವನ್ನೂ ತಾಳ್ಮೆಯಿಂದ ಕೇಳಿಕೊಂಡಳು. ಮೊದಲಿಗೆ ಹೇಳಿದ್ದು ಹಿಡಿಸುವಂಥ ಮಾತಲ್ಲ. ನೀರು ಆಳವಿದೆ, ಅಪಾಯವಿದೆ ಎಂದು ಸುಮಲತಾ ತನ್ನ ತಿಳಿವಳಿಕೆಯಿಂದ ಬರೆಯುವ ಹಾಗಿಲ್ಲ. ಅದಕ್ಕೆ ಅವಕಾಶ ಕೊಟ್ಟರೆ ನಾಳೆ ಪ್ರತಿಯೊಬ್ಬನೂ ತನಗೆ ಗೊತ್ತೆಂದು ಏನೇನೋ ಬರೆಯುತ್ತಾನೆ. ಆಮೇಲೆ ಇನ್ನೊಂದು ಮಾತು ಹೇಳಿದಳು.

“ಆದ್ರೆ ಆಂಟಿ, ಆಧಾರ ಇಲ್ಲದ್ದನ್ನ ಹಾಕಬಾರ್ದು ಅಂತಷ್ಟೇ ನಿಯಮ. ಆಧಾರ ಇರೋದನ್ನೆಲ್ಲ ಹಾಕ್ಲೇಬೇಕು ಅಂತ ಎಲ್ಲೂ ಇಲ್ಲ. ಸುಳ್ಳು ಅಂತ ಗೊತ್ತಿದ್ದೂ ಹಾಕಬೇಕು ಅಂತ ಖಂಡಿತ ಇಲ್ಲ. ಬಿಟ್ಟುಬಿಡಿ. ಯಾರಾದ್ರೂ ಮತ್ತೆ ಹಾಕಿದ್ರೆ, ಆ ಮೂರು ಆಧಾರ ಯಾಕೆ ನಂಬಬಾರ್ದು ಅಂತ ಚರ್ಚೆಯ ಪುಟದಲ್ಲಿ ತೋರ್ಸಿ. ಅವ್ರಿಗೆ ಆ ಸುದ್ದಿ ಎಲ್ಲಿಂದ ಬಂತು ಅಂತ ಹುಡುಕಿ.”

ಸುಮಲತಾ ಮೂರನ್ನೂ ಮೇಜಿನ ಮೇಲೆ ಪಕ್ಕಪಕ್ಕ ಇಟ್ಟಳು. ಹುಡುಕಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಪ್ರವಾಸ ಕೈಪಿಡಿ ಪುರವಣಿಯ ಲೇಖನವನ್ನು ಅಕ್ಷರವೂ ಬಿಡದೆ ಎತ್ತಿಕೊಂಡಿತ್ತು. ಪುರವಣಿಯವನು ಕೊನೆಯಲ್ಲಿ ನಿವೃತ್ತ ಮುಖ್ಯೋಪಾಧ್ಯಾಯ ರೇಣುಕಪ್ಪನವರ ಪುಸ್ತಕಕ್ಕೆ ಕೃತಜ್ಞತೆ ಹೇಳಿದ್ದ. ಹಾಗಾದರೆ ಆಧಾರ ಮೂರಲ್ಲ, ಒಂದೇ. ಒಬ್ಬರು ಒಮ್ಮೆ ಹೇಳಿದ್ದನ್ನು ಇಬ್ಬರು ನಿಜವೆಂದು ನಂಬಿ ಹೊತ್ತು ತಿರುಗಿದ್ದರು.

ರೇಣುಕಪ್ಪನವರು ಈಗ ಶೃಂಗೇರಿಯಲ್ಲಿ ಮಗಳ ಮನೆಯಲ್ಲಿದ್ದರು. ಶುಕ್ರವಾರ ಗ್ರಂಥಾಲಯಕ್ಕೆ ರಜೆ. ಕಲ್ಲೇಶನ ಗೂಡ್ಸ್ ಆಟೋದಲ್ಲಿ ಜಯಪುರದವರೆಗೆ ಬಂದು ಸುಮಲತಾ ಬಸ್ಸು ಹತ್ತಿದಳು. ದಾರಿಯುದ್ದಕ್ಕೂ ಮನಸ್ಸಿನಲ್ಲೇ ಜಗಳದ ಮಾತು ಜೋಡಿಸಿಕೊಂಡಳು. ಇಷ್ಟು ಓದಿದವರು, ಸಾವಿರಾರು ಮಕ್ಕಳಿಗೆ ಪಾಠ ಹೇಳಿದವರು, ಒಂದು ಸಲ ಇಳಿದು ನೋಡದೆ ಹೇಗೆ ಬರೆದಿರಿ ಎಂದು ಕೇಳಬೇಕು. ಬಸ್ಸು ತಿರುವು ತಿರುಗಿದಾಗಲೆಲ್ಲ ಆ ಮಾತು ಇನ್ನಷ್ಟು ಖಾರವಾಗುತ್ತ ಹೋಯಿತು.

ಆದರೆ ಎದುರಿಗೆ ಬಂದವರು ಕಿವಿಗೆ ಯಂತ್ರ ಹಾಕಿಕೊಂಡ, ನಡೆಯುವಾಗ ಗೋಡೆ ಹಿಡಿಯುವ ಮುದುಕರು. ಕಲ್ಮಡುವಿನಿಂದ ಬಂದವಳೆಂದು ತಿಳಿದು ಮುಖವರಳಿತು. ಮೀನು ಚೆನ್ನಾಗಿವೆಯಾ, ಮಂಡಕ್ಕಿ ಹಾಕುವ ವನಜಮ್ಮ ಇದ್ದಾಳಾ ಎಂದು ವಿಚಾರಿಸಿದರು. ಬೆಲ್ಲದ ಪಾನಕ ಬಂತು. ಜೋಡಿಸಿಕೊಂಡು ಬಂದ ಖಾರದ ಮಾತು ಪಾನಕದ ಜೊತೆಗೇ ಒಳಗೆ ಇಳಿದುಹೋಯಿತು. ಸುಮಲತಾ ಮೆಲ್ಲಗೆ ವಿಷಯ ತೆಗೆದಳು.

ಮೇಷ್ಟ್ರಿಗೆ ಬೇಸರವಾಯಿತು. ಕೇಳದೆ ಒಂದು ಸಾಲೂ ಬರೆದವನಲ್ಲ ನಾನು ಎಂದರು. ಪುಸ್ತಕಕ್ಕಾಗಿ ಆ ಕಾಲದಲ್ಲಿ ಸುತ್ತಲಿನ ಮೂರು ತಾಲ್ಲೂಕುಗಳನ್ನೂ ಸೈಕಲ್ಲಿನಲ್ಲಿ, ಬಸ್ಸಿನಲ್ಲಿ, ಕಾಲ್ನಡಿಗೆಯಲ್ಲಿ ಸುತ್ತಿದ್ದಾರೆ. ಕಲ್ಮಡುವಿನಲ್ಲಿ ವನಜಮ್ಮ ಮೊಣಕಾಲು ನೀರಲ್ಲಿ ನಿಂತು ಮಂಡಕ್ಕಿ ಹಾಕುವುದನ್ನು ಕಣ್ಣಾರೆ ಕಂಡಿದ್ದಾರೆ. ಇಲ್ಲಿ ಯಾರಿಗಾದರೂ ಏನಾದರೂ ಆದದ್ದುಂಟಾ ಎಂದು ಅಲ್ಲಿದ್ದವರನ್ನು ಕೇಳಿದ್ದಾರೆ. ಅಮ್ಮ ಯಾರ ಕೈಯನ್ನೂ ಬಿಟ್ಟಿಲ್ಲ, ಎಂತದೂ ಆಗಿಲ್ಲ ಎಂದೇ ಎಲ್ಲರೂ ಹೇಳಿದ್ದಾರೆ.

“ಈಗ ನೀನೇ ಹೇಳು, ಯಾರಾದ್ರೂ ಸತ್ತಿದಾರಾ ಅಲ್ಲಿ?”

“ಇಲ್ಲ ಸಾರ್.”

“ಮತ್ತೆ? ನಂದು ಎಂತ ತಪ್ಪು?”

“ಅಲ್ಲಿ ಯಾರೂ ಇಳಿಯೋದೇ ಇಲ್ಲ ಸಾರ್. ಅಮ್ಮನ ನೀರು ಅಂತ ಹಾಸುಗಲ್ಲು ದಾಟಿ ಒಬ್ರೂ ಕಾಲಿಟ್ಟಿಲ್ಲ. ಇಳೀದೆ ಇದ್ಮೇಲೆ ಸಾಯೋದು ಹೆಂಗೆ?”

ಮೇಷ್ಟ್ರು ಕಿವಿಯ ಯಂತ್ರವನ್ನು ಸರಿಮಾಡಿಕೊಂಡರು, ಮಾತು ಕೇಳಿಸದವರಂತೆ. ಕೇಳಿಸಿತ್ತು. ತಾವು ಕೇಳಿದ ಪ್ರಶ್ನೆಯೂ ಸರಿಯಿತ್ತು, ಊರವರು ಕೊಟ್ಟ ಉತ್ತರವೂ ನಿಜವಿತ್ತು, ಎರಡೂ ಸೇರಿ ಹೀಗಾಯಿತಲ್ಲ ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು. ನೀರು ಆಳವಾ ಎಂದು ಯಾಕೆ ಕೇಳಲಿಲ್ಲವೋ ಗೊತ್ತಿಲ್ಲ ಎಂದೂ ಸೇರಿಸಿದರು.

ಕೇಳಿದ್ದರೂ ಊರವರು ಹೇಳುತ್ತಿರಲಿಲ್ಲ. ಕಲ್ಮಡುವಿನ ಬಗ್ಗೆ ಕೆಟ್ಟ ಮಾತು ಆಡಬಾರದು ಎಂಬುದು ಊರಿನ ಕಟ್ಟು. ಅಮ್ಮ ಕೇಳಿಸಿಕೊಳ್ಳುತ್ತಾಳೆ. ಆ ನೀರು ಜೀವ ತೆಗೆದೀತು ಎಂದರೆ ಅಮ್ಮನನ್ನೇ ಕೊಲೆಗಾತಿ ಎಂದ ಹಾಗೆ. ಬಿದಿರು ಎಳೆದುಕೊಂಡು ಹೋದದ್ದನ್ನೂ ಮನೆಯೊಳಗೆ, ಅದೂ ದನಿ ತಗ್ಗಿಸಿಯೇ ಹೇಳುತ್ತಾರೆ. ಮಕ್ಕಳಿಗೂ ‘ಮುಳುಗ್ತೀಯ’ ಎಂದು ಹೇಳುವುದಿಲ್ಲ, ‘ಅಮ್ಮನ ನೀರು, ಮುಟ್ಟಬಾರ್ದು’ ಎಂದಷ್ಟೇ. ಊರ ಮಕ್ಕಳಿಗೆ ಅಷ್ಟು ಸಾಕಿತ್ತು. ಪರ ಊರವರು ಬರಲು ಶುರುವಾದ ಮೇಲೂ ಊರಿನ ಬಾಯಿ ಹಾಗೆಯೇ ಉಳಿಯಿತು.

ರೇಣುಕಪ್ಪನವರು ಪತ್ರಿಕೆಗೆ ತಿದ್ದುಪಡಿ ಬರೆಯಲು ಒಪ್ಪಿದರು. ಆದರೆ ಒಂದು ಷರತ್ತು ಹಾಕಿದರು. ಮೊದಲ ಸಲ ಊರವರ ಮಾತು ಕೇಳಿ ಬರೆದೆ, ಈಗ ನಿನ್ನೊಬ್ಬಳ ಮಾತಿನ ಮೇಲೆ ಬರೆದರೆ ಮತ್ತೆ ಅದೇ ತಪ್ಪು. ಚೌಡಮ್ಮನ ಬನದ ಸಮಿತಿಯವರು ಹೆಸರು ಹಾಕಿ ಒಂದು ಮಾತು ಹೇಳಲಿ.

ಶನಿವಾರ ಮಧ್ಯಾಹ್ನ ಸಮಿತಿಯ ವಾಸಪ್ಪ ಅಡಿಕೆ ತೋಟದ ಪಂಪಿನ ಹತ್ತಿರ ಸಿಕ್ಕಿದ. ವಿಷಯ ಕೇಳಿದವನೇ ಸುತ್ತ ನೋಡಿದ. ಕಲ್ಮಡು ಅಪಾಯದ ಜಾಗ ಎಂದು ತಾನು ಪೇಪರಿಗೆ ಹೇಳಿಕೆ ಕೊಟ್ಟರೆ ಮುಂದೆ ಸೋಣೆ ತಿಂಗಳ ಪೂಜೆಗೆ ಯಾವ ಮುಖ ಹೊತ್ತು ನಿಲ್ಲಲಿ ಎಂದ. ಸುಮಲತಾ ಎಷ್ಟು ಸುತ್ತುಬಳಸಿ ಕೇಳಿದರೂ ಆಗದೆಂದು ತಲೆ ಆಡಿಸಿದ.

“ಆ ನೀರಿಗೆ ಕೆಟ್ಟ ಹೆಸ್ರು ತರೋ ಮಾತು ನನ್ ಬಾಯಲ್ಲಿ ಬರೂದಿಲ್ಲ ಮಾರಾಯ್ತಿ. ಬೇಕಾರೆ ನನ್ ಹೆಸ್ರಲ್ಲಿ ಬೇರೆ ಎಂತದಾರೂ ಬರ್ಕೋ.”

ಪಂಪು ಒಂದೇ ಸಮನೆ ಬಡಿದುಕೊಳ್ಳುತ್ತಿತ್ತು. ನಾಳೆ ಬೆಳಗಾದರೆ ಬಸ್ಸು ಬರುತ್ತದೆ. ಸುಮಲತಾ ಮನೆಯ ದಾರಿ ಹಿಡಿದವಳು ಅರ್ಧದಲ್ಲೇ ನಿಂತಳು. ಇವನು ಸುಳ್ಳು ಹೇಳುವವನಲ್ಲ, ಹೇಳಬಾರದ ಒಂದು ಮಾತು ಇವನಿಗಿದೆ, ಅಷ್ಟೇ. ಆ ಮಾತನ್ನೇ ಯಾಕೆ ಕೇಳಬೇಕು? ಹೇಳಬಹುದಾದ ಮಾತೂ ಇರಬೇಕಲ್ಲ. ಬಿರಬಿರನೆ ತಿರುಗಿ ಬಂದಳು.

ನೀನು ಆ ನೀರಿಗೆ ಇಳಿದಿದ್ದೀಯಾ ಎಂದು ಕೇಳಿದಳು. ಛೆ ಛೆ ಎಂದ ವಾಸಪ್ಪ. ನಿನ್ನ ಅಪ್ಪ? ಅಜ್ಜ? ನಮ್ಮೂರಲ್ಲಿ ಯಾರಾದರೂ? ಹುಟ್ಟಿದಾಗಿಂದ ಒಬ್ಬರನ್ನೂ ಕಂಡಿಲ್ಲ ಎಂದ. ಹಾಗಾದರೆ, ‘ಇದು ಅಮ್ಮನ ಮೀನಿನ ನೀರು, ನಮ್ಮೂರಿನವರು ಯಾರೂ ಹಾಸುಗಲ್ಲು ದಾಟಿ ಇಳಿಯುವ ಪದ್ಧತಿ ಇಲ್ಲ, ಬಂದವರೂ ಇಳಿಯಬಾರದು’ ಎಂದು ಪೇಪರಿಗೆ ಹೇಳುತ್ತೀಯಾ ಎಂದು ಕೇಳಿದಳು. ವಾಸಪ್ಪನ ಮುಖ ಬಿಚ್ಚಿಕೊಂಡಿತು. ಅದನ್ನು ಡಂಗುರ ಹೊಡೆದು ಬೇಕಾದರೂ ಹೇಳುತ್ತೇನೆ, ಅದರಲ್ಲಿ ಅಮ್ಮನಿಗೆ ಮರ್ಯಾದೆಯೇ ಎಂದ. ಅಲ್ಲೇ ಪಂಪು ನಿಲ್ಲಿಸಿ ರೇಣುಕಪ್ಪನವರ ಜೊತೆ ಫೋನಿನಲ್ಲಿ ಮಾತಾಡಿದ. ಮೇಷ್ಟ್ರು ಕಿವಿ ಕೇಳಿಸದೆ ಎರಡೆರಡು ಸಲ ಕೇಳಿದರು, ಅವನು ಎರಡೆರಡು ಸಲ ಜೋರಾಗಿ ಹೇಳಿದ.

ಆದರೆ ಅದು ಅಚ್ಚಾಗುವುದು ಬೇಗವೆಂದರೂ ಮುಂದಿನ ವಾರ. ಬಸ್ಸು ನಾಳೆ.

ಸಂಜೆ ಬಿಸಿಲು ಇಳಿಯುವ ಮೊದಲೇ ಅವಳು ಜಯಪ್ರಕಾಶನ ಅಂಗಳದಲ್ಲಿದ್ದಳು. ಅವನು ಡೇರೆಯ ಗೂಟ ಹೊಡೆಯುತ್ತಿದ್ದ. ಅವನ ಮಗಳು ಕಾವ್ಯ ಹಗ್ಗ ಹಿಡಿದು ನಿಂತಿದ್ದಳು. ಏಳನೆಯ ತರಗತಿಯ ಹುಡುಗಿ, ರಜೆಯಲ್ಲಿ ಅಪ್ಪನ ಬಾಲದಂತೆ ಓಡಾಡುತ್ತಿದ್ದಳು. ಅತ್ತಿಗೆಯನ್ನು ಕಂಡು ಜಯಪ್ರಕಾಶ್ ಗೂಟ ಬಿಟ್ಟು ಎದ್ದ. ಅವನ ಮಾತಿನಲ್ಲಿ ಮೊದಲಿನ ನಗು ಇರಲಿಲ್ಲ. ಕಳೆದ ವರ್ಷವಿಡೀ ಕೋಣೆಗಳು ಖಾಲಿ ಬಿದ್ದಿದ್ದವು, ವಿಡಿಯೋದಲ್ಲಿ ಹೆಸರಾದ ಜಲಪಾತಗಳಿಗೆ ಹೋಗುವವರು ಇತ್ತ ತಲೆ ಹಾಕುವುದಿಲ್ಲ, ಈಗೊಂದು ಬಸ್ಸು ಬರುವಾಗ ಮನೆಯವರೇ ಅಡ್ಡ ಬಂದರೆ ಹೇಗೆ ಎಂದ. ತಾನು ಸ್ವಂತ ಬುದ್ಧಿಯಿಂದ ಏನೂ ಬರೆದಿಲ್ಲ, ಪುಸ್ತಕದಲ್ಲಿ ಇದ್ದದ್ದನ್ನೇ ಬರೆದದ್ದು ಎಂದ.

ಅವನು ಮುಗಿಸಿದ ಮೇಲೆ ಸುಮಲತಾ ಕಾವ್ಯಳ ಕಡೆ ನೋಡಿದಳು.

“ಹಂಗಾರೆ ಒಂದು ಕೆಲ್ಸ ಮಾಡು. ನಾಳೆ ಬಸ್ಸಿನವ್ರು ಇಳಿಯೋಕ್ಕಿಂತ ಮುಂಚೆ ಕಾವ್ಯನ್ನ ಇಳಿಸು. ಮೊಣಕಾಲುದ್ದ ಅಲ್ವಾ, ಮಕ್ಕಳೂ ಇಳೀಬಹುದಲ್ಲ.”

“ಬಾಯಿಗೆ ಬಂದಂಗೆ ಮಾತಾಡ್ಬೇಡಿ ಅತ್ತಿಗೆ.”

“ನಾನು ಆಡಿದ್ದಲ್ಲ ಮಾರಾಯ. ನೀನು ಬರ್ದಿದ್ದನ್ನೇ ಓದ್ತಾ ಇದೀನಿ.”

“ಅದು ಅಮ್ಮನ ನೀರು. ನಮ್ಮವ್ರು ಇಳಿಯೋ ಹಂಗಿಲ್ಲ.”

“ಶಿವಮೊಗ್ಗದ ಮಕ್ಕಳಿಗೆ ಆ ಅಮ್ಮ ಏನಾಗ್ಬೇಕು? ಮಲತಾಯಿಯಾ?”

ಕಾವ್ಯ ಹಗ್ಗ ಹಿಡಿದುಕೊಂಡೇ ಇಬ್ಬರ ಮುಖವನ್ನೂ ನೋಡಿದಳು. ಜಯಪ್ರಕಾಶ್ ಅವಳನ್ನು ಒಳಗೆ ಹೋಗು ಎಂದು ಗದರಿದ. ಆಮೇಲೆ ಬಗ್ಗಿ ಗೂಟಕ್ಕೆ ಎರಡು ಏಟು ಹಾಕಿದ. ಅದು ಆಗಲೇ ತಲೆಯವರೆಗೆ ನೆಲದೊಳಗೆ ಹೋಗಿತ್ತು.

ಆ ರಾತ್ರಿ ಸುಮಲತಾಗೆ ನಿದ್ದೆ ಹತ್ತಿದ್ದು ಅಷ್ಟರಲ್ಲೇ ಇತ್ತು. ಬೆಳಿಗ್ಗೆ ಒಲೆ ಹಚ್ಚುವ ಮೊದಲು ಫೋನಿನಲ್ಲಿ ಪುಟ ತೆರೆದು ನೋಡಿದಳು. ವಾಕ್ಯಗಳು ಅಲ್ಲೇ ಇದ್ದವು. ಚರ್ಚೆಯ ಪುಟದಲ್ಲಿ ಮೂರು ಆಧಾರಗಳೂ ಒಂದೇ ಎಂಬುದನ್ನು ವಿವರಿಸಿ ಬರೆದು ಮತ್ತೊಮ್ಮೆ ಅಳಿಸಿದಳು. ಆದರೆ ಹುಡುಗರ ಫೋನಿಗೆ ಹೋಗಿ ಕೂತ ಫೋಟೋವನ್ನು ಅಳಿಸುವವರು ಯಾರು? ಕಲ್ಲೇಶನನ್ನು ಎಬ್ಬಿಸಿ, ತಿಂಡಿಯನ್ನೂ ಮಾಡದೆ, ಅವನ ಜೊತೆ ಕಲ್ಮಡುವಿನ ದಡಕ್ಕೆ ಹೋದಳು.

ಅವರಿಗಿಂತ ಮೊದಲೇ ಜಯಪ್ರಕಾಶ್ ಅಲ್ಲಿದ್ದ. ಹಾಸುಗಲ್ಲಿನ ಅಂಚಿಗೆ, ಈ ಬಂಡೆಯಿಂದ ಆ ಬಂಡೆಗೆ ಬಿದಿರು ಅಡ್ಡ ಕಟ್ಟುತ್ತಿದ್ದ. ಅತ್ತಿಗೆಯ ಕಡೆ ನೋಡಲಿಲ್ಲ. ಕಲ್ಲೇಶ್ ಹೋಗಿ ಇನ್ನೊಂದು ತುದಿ ಹಿಡಿದುಕೊಂಡ.

ಸ್ವಲ್ಪ ಹೊತ್ತಿಗೆ ಹುಡುಗರು ಗಲಾಟೆ ಮಾಡುತ್ತ ಮೆಟ್ಟಿಲಿಳಿದು ಬಂದರು. ಹೆಗಲ ಮೇಲೆ ಟವೆಲು, ಕೈಯಲ್ಲಿ ಚೆಂಡು. ಬಿದಿರು ಕಂಡು ಗಲಾಟೆ ತಗ್ಗಿತು. ಇಲ್ಲಿ ನಿಂತು ಮೀನು ನೋಡಿ, ಮಂಡಕ್ಕಿ ಹಾಕಿ, ಸ್ನಾನಕ್ಕೆ ಅಡ್ಡಗದ್ದೆ ಕಡೆ ಮರಳಿನ ಒಡ್ಡು ಇರುವ ಜಾಗ ತೋರಿಸುತ್ತೇನೆ ಎಂದು ಜಯಪ್ರಕಾಶ್ ಹೇಳಿದ. ಅವರಿಗೆ ಸಮಾಧಾನವಾಗಲಿಲ್ಲ. ಕೆಂಪು ಟೋಪಿಯ ಹುಡುಗನೊಬ್ಬ ಮಂಡಕ್ಕಿ ಬುಟ್ಟಿ ಹಿಡಿದು ನಿಂತಿದ್ದ ವನಜಮ್ಮನನ್ನು ನೀರು ಎಷ್ಟು ಆಳ ಎಂದು ಕೇಳಿದ.

“ಮೀನಿಗೆ ಬೇಕಾದಷ್ಟು” ಎಂದಳು ವನಜಮ್ಮ. ಅಷ್ಟಕ್ಕಿಂತ ಹೆಚ್ಚು ಅವಳ ಬಾಯಿಂದ ಬರುವ ಹಾಗಿರಲಿಲ್ಲ.

ಹುಡುಗ ನಕ್ಕು ಫೋನ್ ತೆಗೆದು ಜಯಪ್ರಕಾಶನ ಮುಖಕ್ಕೆ ಹಿಡಿದ. “ಮೊಣಕಾಲುದ್ದ ಅಂತ ನೀವೇ ಕಳ್ಸಿದೀರಲ್ಲ ಸಾರ್. ವಿಶ್ವಕೋಶದಲ್ಲೇ ಹಾಕಿದಾರೆ.” ಹಾಗೆನ್ನುತ್ತಲೇ ಬಿದಿರಿನ ಮೇಲೆ ಬಗ್ಗಿ ಇಣುಕಿದ. ತಲೆಯ ಟೋಪಿ ಜಾರಿ ನೀರಿಗೆ ಬಿತ್ತು.

ಎತ್ತಿಕೊಳ್ಳಬಹುದಾದಷ್ಟು ಹತ್ತಿರದಲ್ಲೇ ಬಿದ್ದಿತ್ತು. ಹುಡುಗ ಒಂದು ಕಾಲನ್ನು ಬಿದಿರಿನಾಚೆ ಹಾಕಿಯೂಬಿಟ್ಟ. ಜಯಪ್ರಕಾಶ್ ಅವನ ತೋಳನ್ನು ಎಷ್ಟು ಬಿಗಿಯಾಗಿ ಹಿಡಿದನೆಂದರೆ ಹುಡುಗ ಹಾ ಎಂದ. ಟೋಪಿ ಒಂದು ಸುತ್ತು ನಿಧಾನಕ್ಕೆ ತಿರುಗಿತು, ಎರಡನೆಯ ಸುತ್ತು ಬೇಗ ತಿರುಗಿತು, ಆಮೇಲೆ ಬಂಡೆಯ ಬುಡದ ಕಡೆ ನೇರವಾಗಿ ಹೋಗಿ, ಅಂಚು ಮಗುಚಿ, ಒಳಗೆ ಹೋಯಿತು. ಎಲ್ಲರೂ ಬಂಡೆಯ ಆಚೆ ಬದಿ ನೋಡುತ್ತ ನಿಂತರು. ಅಲ್ಲಿ ನೀರು ಹರಿದು ಹೋಗುತ್ತಲೇ ಇತ್ತು. ಟೋಪಿ ಬರಲಿಲ್ಲ.

“ಅದನ್ನ ಹಾಕಿದ್ದು ನಾನು” ಎಂದ ಜಯಪ್ರಕಾಶ್. ಇನ್ನೂ ತೋಳು ಬಿಟ್ಟಿರಲಿಲ್ಲ. “ನಾನು ಈ ಊರಲ್ಲೇ ಹುಟ್ಟಿದೋನು. ಈ ನೀರಿಗೆ ಒಂದಿನಾನೂ ಇಳಿದಿಲ್ಲ. ಆ ಪುಸ್ತಕ ಬರ್ದೋರೂ ಇಳಿದಿಲ್ಲ.”

ಹುಡುಗರು ಮಂಡಕ್ಕಿ ಹಾಕಿದರು. ಮೀನುಗಳು ಬಂದವು. ಫೋಟೋ ತೆಗೆದುಕೊಂಡರು. ಆದರೆ ಮೆಟ್ಟಿಲು ಹತ್ತಿ ಹೋಗುವಾಗ ಬರುವಾಗಿನ ಗದ್ದಲ ಇರಲಿಲ್ಲ. ಸುಮಲತಾ ದಡದ ಮೆಟ್ಟಿಲ ಮೇಲೆ ಕೂತುಬಿಟ್ಟಳು. ಕಲ್ಲೇಶ್ ಪಕ್ಕದಲ್ಲಿ ನಿಂತು, ಇವತ್ತಾದರೂ ಮನೆಯಲ್ಲಿ ಏನಾದರೂ ಬೇಯಿಸುವ ಲಕ್ಷಣ ಉಂಟೋ, ಮಂಡಕ್ಕಿಯನ್ನೇ ತಿನ್ನುವುದೋ ಎಂದು ಕೇಳಿದ.

ಮುಂದಿನ ವಾರ ರೇಣುಕಪ್ಪನವರ ತಿದ್ದುಪಡಿ ಪತ್ರಿಕೆಯ ಒಳಪುಟದಲ್ಲಿ ಬಂತು. ಪದ್ಧತಿಯ ಮಾತು ವಾಸಪ್ಪನ ಹೆಸರಿನಲ್ಲಿತ್ತು. ಅದರ ಕೆಳಗೆ, ತಾವು ನೋಡಿದ್ದು ಹಾಸುಗಲ್ಲಿನ ಮೇಲಿನ ನೀರನ್ನು ಮಾತ್ರ, ಉಳಿದ ಆಳವನ್ನು ತಾವು ನೋಡಿಲ್ಲ, ನಿರ್ಭಯವಾಗಿ ಇಳಿಯಬಹುದು ಎಂಬ ತಮ್ಮ ಮಾತನ್ನು ಹಿಂದಕ್ಕೆ ಪಡೆಯುವುದಾಗಿ ಮೇಷ್ಟ್ರು ಬರೆದಿದ್ದರು. ಕಲ್ಮಡು ಅಪಾಯದ ಜಾಗ ಎಂಬ ಮಾತು ಎಲ್ಲೂ ಇರಲಿಲ್ಲ. ಊರಲ್ಲಿ ಯಾರೂ ಮುಖ ಕೆಡಿಸಿಕೊಳ್ಳಲಿಲ್ಲ. ಸುಮಲತಾ ಪೇಪರ್ ಹಿಡಿದು ಕಂಪ್ಯೂಟರಿನ ಮುಂದೆ ಕೂತಾಗ, ಪುಟದಲ್ಲಿ ‘ಮಲೆನಾಡ ಮಾಣಿ’ ಆಗಲೇ ಬದಲಾವಣೆ ಮಾಡಿದ್ದು ಕಂಡಿತು. ಊರವರು ಇಳಿಯುವ ಪದ್ಧತಿ ಇಲ್ಲ ಎಂಬುದನ್ನು ಹೊಸ ಆಧಾರ ಕೊಟ್ಟು ಸೇರಿಸಿದ್ದ. ಬದಲಾವಣೆಗೆ ಕಾರಣ ಬರೆಯುವ ಸಣ್ಣ ಜಾಗದಲ್ಲಿ ಒಂದೇ ಸಾಲು ಇತ್ತು: ‘ಹಳೆಯದನ್ನು ಬರೆದವರು ಯಾರೂ ಇಳಿದು ನೋಡಿಲ್ಲ, ನಾನೂ ಸೇರಿ.’

ಅಲ್ಲಿಗೆ ಮುಗಿಯಿತು ಎಂದುಕೊಂಡರೆ ಮುಗಿಯಲಿಲ್ಲ. ತಿಂಗಳು ಕಳೆಯುವಷ್ಟರಲ್ಲಿ ಊರುಕೇರಿ ಗೊತ್ತಿಲ್ಲದ ಯಾರೋ ಒಬ್ಬರು ಆ ಎರಡು ವಾಕ್ಯಗಳನ್ನು ಮತ್ತೆ ತಂದು ಹಾಕಿದರು. ಅವರು ಕೊಟ್ಟ ಆಧಾರ ಯಾವುದೋ ಪ್ರವಾಸದ ಜಾಲತಾಣ. ಆ ಜಾಲತಾಣ ಎತ್ತಿಕೊಂಡದ್ದು ಇದೇ ವಿಶ್ವಕೋಶದ ಹಳೆಯ ಪುಟದಿಂದ. ಸುಮಲತಾ ಅಳಿಸಿದಳು, ಕಾರಣ ಬರೆದಳು. ಆಮೇಲೆ ಇನ್ನೊಬ್ಬರು ಬಂದರು. ಅದನ್ನು ಜಯಪ್ರಕಾಶ್ ಅಳಿಸಿದ.

ಈಗ ಬೆಳಿಗ್ಗೆ ಎದ್ದು ಮುಖ ತೊಳೆಯುವ ಮೊದಲು ಆ ಪುಟವನ್ನು ಒಮ್ಮೆ ನೋಡದಿದ್ದರೆ ಅವಳಿಗೆ ಆಗುವುದಿಲ್ಲ. ಕಲ್ಲೇಶನಿಗೆ ಅದು ತಮಾಷೆ. ಆಟೋ ಒರೆಸುತ್ತ ಅಂಗಳದಿಂದಲೇ ಕೇಳುತ್ತಾನೆ.

“ಎಂತ, ಇಷ್ಟೊತ್ತಿಗೇ ಯಾರು ನೀರಿಗೆ ಇಳಿದ್ರು ಅಂತ ನೋಡ್ತಿದೀಯ?”

“ಇಳಿದೋರನ್ನಲ್ಲ. ಯಾರು ಇಳಿಸ್ತಿದಾರೆ ಅಂತ ನೋಡ್ತಿದೀನಿ” ಎನ್ನುತ್ತಾಳೆ ಸುಮಲತಾ, ಫೋನಿನಿಂದ ಕಣ್ಣು ತೆಗೆಯದೆ.